ಹಿಮಕ್ಕೆ ತಕ್ಕ ಸ್ಕೀ: ಕ್ಯಾಂಬರ್, ರಾಕರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಉತ್ತರಾಖಂಡದ ಔಲಿಯಲ್ಲಿ ಎರಡು ವಾರದ ಸ್ಕೀ ಕೋರ್ಸ್ ಮುಗಿಸಿದ್ದೇನೆ. ಫೆಬ್ರವರಿಯಲ್ಲಿ ಗೆಳೆಯರ ಜೊತೆ ಗುಲ್ಮಾರ್ಗ್‌ಗೆ ಹೊರಟಿದ್ದೇನೆ. ಸ್ಕೀ ಬಾಡಿಗೆಗೆ ಪಡೆಯುವಾಗ ಕ್ಯಾಂಬರ್, ರಾಕರ್ ನೋಡಿಕೋ ಎನ್ನುತ್ತಾರೆ. ಏನು ವ್ಯತ್ಯಾಸ? ನನ್ನ ಎತ್ತರ 170 ಸೆಂ.ಮೀ., ತೂಕ 70 ಕೆ.ಜಿ. ಯಾವುದನ್ನು ಕೇಳಲಿ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಸ್ಕೀಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ಮುಂದೆ ಹಿಂದೆ ಮಾತ್ರ ನೆಲಕ್ಕೆ ತಾಗಿ, ನಡುಭಾಗ ಕೆಲವು ಮಿಲಿಮೀಟರ್ ಮೇಲೆದ್ದಿದ್ದರೆ ಅದು ಕ್ಯಾಂಬರ್. ನೀವು ಮೇಲೆ ನಿಂತಾಗ ಆ ಕಮಾನು ಚಪ್ಪಟೆಯಾಗುತ್ತದೆ. ಆಗ ಭಾರವೆಲ್ಲ ಪಾದದಡಿಯಲ್ಲೇ ಉಳಿಯದೆ ಎರಡೂ ತುದಿಗಳತ್ತ ಹಂಚಿಹೋಗುತ್ತದೆ. ಗಟ್ಟಿ ಹಿಮದಲ್ಲಿ ಎಡ್ಜ್ (ಸ್ಕೀಯ ಅಂಚಿನ ಲೋಹದ ಪಟ್ಟಿ) ಉದ್ದಕ್ಕೂ ಕಚ್ಚಿ ಹಿಡಿಯುವುದು ಇದರಿಂದಲೇ. ತಿರುವು ಮುಗಿದು ಕಮಾನು ಮತ್ತೆ ಏಳುವಾಗ ಮುಂದಿನ ತಿರುವಿಗೆ ಒಂದು ಪುಟಿತವೂ ಸಿಗುತ್ತದೆ.

ರಾಕರ್ ಇದಕ್ಕೆ ತದ್ವಿರುದ್ಧ. ದೋಣಿಯ ಮೂತಿಯ ಹಾಗೆ, ಸ್ಕೀಯ ಮುಂಭಾಗ ತುದಿಗಿಂತ ಬಹಳ ಹಿಂದಿನಿಂದಲೇ ನಿಧಾನವಾಗಿ ಮೇಲೇಳುತ್ತದೆ. ಸಡಿಲ ಹಿಮದಲ್ಲಿ ತುದಿ ಮುಳುಗದೆ ತೇಲುತ್ತದೆ, ಪಾದ ಹೊರಳಿಸಿದರೆ ಸ್ಕೀ ಸುಲಭವಾಗಿ ತಿರುಗುತ್ತದೆ. ಆದರೆ ಮೇಲೆದ್ದ ಭಾಗ ಗಟ್ಟಿ ಹಿಮವನ್ನು ಮುಟ್ಟುವುದೇ ಇಲ್ಲ. ಅಷ್ಟು ಎಡ್ಜ್ ಲೆಕ್ಕಕ್ಕಿಲ್ಲ. ಹಾಗಾಗಿಯೇ ಇಂದು ಅಂಗಡಿಗಳಲ್ಲಿ ಕಾಣುವ ಬಹುಪಾಲು ಸ್ಕೀಗಳು ಮಿಶ್ರ: ಮುಂದೆ ರಾಕರ್, ಪಾದದಡಿ ಕ್ಯಾಂಬರ್, ಹಿಂದೆ ಚಪ್ಪಟೆ ಅಥವಾ ತುಸು ರಾಕರ್. ಆದ್ದರಿಂದ ‘ಎರಡರಲ್ಲಿ ಯಾವುದು’ ಎನ್ನುವುದಕ್ಕಿಂತ ‘ಎಲ್ಲಿ ಎಷ್ಟು’ ಎಂದು ಕೇಳಬೇಕು.

ಇನ್ನು ಗುಲ್ಮಾರ್ಗ್. ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರ್ ದಾಟಿದ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿನ ಇಳಿಜಾರುಗಳನ್ನು ಯಂತ್ರ ಓಡಿಸಿ ಸಮ ಮಾಡಿರುವುದಿಲ್ಲ. ಹಿಮ ಬಿದ್ದ ಮರುದಿನ ಮೊಣಕಾಲುದ್ದದ ಪೌಡರ್ (ಹೊಸದಾಗಿ ಬಿದ್ದ ಸಡಿಲ ಹಿಮ) ಸಿಕ್ಕೀತು; ನಾಲ್ಕು ದಿನ ಹಿಮ ಬೀಳದಿದ್ದರೆ ಗಾಳಿ ಬಡಿದು ಗಟ್ಟಿಯಾದ ಪದರ, ಜನ ಓಡಾಡಿ ಉಬ್ಬುತಗ್ಗಾದ ಹಾದಿ. ಗಾಳಿ ಜೋರಾದಾಗ, ಹಿಮಪಾತ ಹೆಚ್ಚಾದಾಗ ಎರಡನೇ ಹಂತವನ್ನೇ ಮುಚ್ಚುತ್ತಾರೆ. ಆಗ ನೀವು ಇರುವುದು ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯ ಕೆಳಗೆ, ತುಳಿದು ಗಟ್ಟಿಯಾದ ಹಿಮದ ಮೇಲೆ. ಒಂದೇ ಜೋಡಿಯಲ್ಲಿ ವಾರ ಕಳೆಯುವವರು ಕನಸಿನ ಪೌಡರ್ ದಿನವನ್ನು ನೋಡಿ ಆರಿಸಬಾರದು. ಉಳಿದ ದಿನಗಳ ಹಿಮವನ್ನು ನೋಡಿ ಆರಿಸಬೇಕು.

ನಿಮಗೆ ನಾವು ಹೇಳುವುದು: ಪಾದದಡಿ 90ರಿಂದ 98 ಮಿ.ಮೀ. ಅಗಲ, ಉದ್ದದ ಸುಮಾರು ಐದನೇ ಒಂದು ಭಾಗ ಮುಂದೆ ರಾಕರ್, ನಡುವೆ ಸ್ಪಷ್ಟ ಕ್ಯಾಂಬರ್, ಹಿಂದೆ ಅಲ್ಪ ರಾಕರ್. ಉದ್ದ 166ರಿಂದ 172 ಸೆಂ.ಮೀ. ಪೂರ್ತಿ ಕ್ಯಾಂಬರ್ ಇರುವ, 75 ಮಿ.ಮೀ. ಅಗಲದ ಸ್ಕೀಯಲ್ಲಿ ಕಲಿತಿದ್ದರೆ ನೀವು 160ರ ಆಸುಪಾಸಿನದನ್ನು ಬಳಸಿರುತ್ತೀರಿ. ರಾಕರ್ ಇದ್ದಾಗ ಅದಕ್ಕಿಂತ 5ರಿಂದ 10 ಸೆಂ.ಮೀ. ಉದ್ದದ್ದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು, ಏಕೆಂದರೆ ನೆಲ ಮುಟ್ಟುವ ಉದ್ದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರಾತ್ರಿಯಿಡೀ ಸುರಿದು 30 ಸೆಂ.ಮೀ. ಮೀರಿದ ಹೊಸ ಹಿಮ ಇದ್ದರೆ ಆ ಒಂದು ದಿನಕ್ಕೆ 105–110 ಮಿ.ಮೀ.ನದಕ್ಕೆ ಬದಲಿಸಿಕೊಳ್ಳಿ. ಬದಲಿಸುವಾಗ ಪ್ರತಿ ಸಲವೂ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡುವ ಸಾಧನ) ಹೊಂದಿಸಲೇಬೇಕು. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನಿಮ್ಮ ಅನುಭವದ ಮಟ್ಟ ಇವಿಷ್ಟನ್ನೂ ಇದ್ದದ್ದಿದ್ದಂತೆ ಹೇಳಿ. ಅನುಭವ ಹೆಚ್ಚು ಎಂದು ಹೇಳಿಕೊಂಡರೆ ಬೈಂಡಿಂಗ್ ಬಿಗಿಯಾಗುತ್ತದೆ. ಬಿದ್ದಾಗ ಬೂಟು ಕಳಚದೆ ಮೊಣಕಾಲು ತಿರುಚುತ್ತದೆ.

ಒಂದು ಮಾತು ಖಂಡಿತ: ತೇಲುವ ಸ್ಕೀ ಹಿಮಕುಸಿತದಿಂದ ಕಾಪಾಡುವುದಿಲ್ಲ. ಅಫರ್ವತ್‌ನಲ್ಲಿ ಗಸ್ತು ಸಿಬ್ಬಂದಿ ನೋಡಿಕೊಳ್ಳುವ ಪ್ರದೇಶದ ಆಚೆಗೆ ಮಾರ್ಗದರ್ಶಿಯಿಲ್ಲದೆ, ಟ್ರಾನ್ಸಿವರ್ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಮೂರೂ ಇಲ್ಲದೆ, ಅವನ್ನು ಬಳಸುವ ಅಭ್ಯಾಸವಿಲ್ಲದೆ ಕಾಲಿಡಬೇಡಿ.

ಪ್ರಶ್ನೆ: ಲೇಕ್ ಟಾಹೋಗೆ ಪ್ರತಿ ಚಳಿಗಾಲ ಹೋಗುತ್ತೇವೆ. ಕಳೆದ ವರ್ಷ 180 ಸೆಂ.ಮೀ. ಉದ್ದ, 108 ಮಿ.ಮೀ. ಅಗಲದ ರಾಕರ್ ಸ್ಕೀ ಕೊಂಡೆ. ಹೊಸ ಹಿಮದಲ್ಲಿ ಸೊಗಸು. ಬೆಳಗಿನ ಗಟ್ಟಿ ಹಿಮದಲ್ಲಿ ಮಾತ್ರ ತುದಿಗಳು ಪಟಪಟ ಬಡಿದುಕೊಳ್ಳುತ್ತವೆ, ತಿರುವಿನಲ್ಲಿ ಜಾರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ನೋವು. ಸ್ಕೀ ದೋಷವೇ, ನನ್ನದೇ?
– ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ತುದಿ ಬಡಿದುಕೊಳ್ಳುವುದು ದೋಷವಲ್ಲ. ನಿಮ್ಮ ಸ್ಕೀಯಲ್ಲಿ ಮುಂದೆ 35, ಹಿಂದೆ 20 ಸೆಂ.ಮೀ. ಮೇಲೆದ್ದಿದೆ ಎಂದಿಟ್ಟುಕೊಳ್ಳಿ. ಚಪ್ಪಟೆಯಾಗಿ ಓಡಿಸುವಾಗ ಹಿಮ ಮುಟ್ಟುವುದು 125 ಸೆಂ.ಮೀ. ಮಾತ್ರ, ಉಳಿದದ್ದು ಗಾಳಿಯಲ್ಲಿ ಅಲುಗಾಡುತ್ತದೆ. ಸ್ಕೀಯನ್ನು ಓರೆ ಮಾಡಿದಷ್ಟೂ ಅದು ಬಾಗಿ, ಮೇಲೆದ್ದ ಭಾಗದ ಎಡ್ಜ್ ಕೂಡ ಸ್ವಲ್ಪ ಸ್ವಲ್ಪವಾಗಿ ಹಿಮಕ್ಕೆ ತಾಗುತ್ತ ಬರುತ್ತದೆ. ಆದ್ದರಿಂದ ಗಟ್ಟಿ ಹಿಮದಲ್ಲಿ ಸ್ಕೀಯನ್ನು ಚಪ್ಪಟೆಯಾಗಿ ಜಾರಿಸದೆ ತಿರುವಿನ ಆರಂಭದಲ್ಲೇ ಓರೆ ಮಾಡಿ, ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಯನ್ನು ಬೂಟಿನ ನಾಲಿಗೆಗೆ ಒತ್ತಿ ನಿಲ್ಲಿ.

ಜಾರುವುದಕ್ಕೆ ಬೇರೆ ಕಾರಣವಿರಬಹುದು, ಅದನ್ನು ಪರೀಕ್ಷಿಸಿ. ಪಾದದಡಿಯ ಎಡ್ಜ್‌ಗೆ ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ ಮೆಲ್ಲನೆ ಎಳೆಯಿರಿ. ಬಿಳಿ ಪುಡಿ ಕೆರೆದು ಬಂದರೆ ಹರಿತವಾಗಿದೆ. ಉಗುರು ನುಣ್ಣಗೆ ಜಾರಿದರೆ ಮೊಂಡಾಗಿದೆ. ಇದನ್ನೇ ಒಂದು ಗೇಣು ಒಂದು ಗೇಣು ಮುಂದೆ, ಹಿಂದೆ ಸರಿಸುತ್ತ ನೋಡಿ. ರಾಕರ್ ಸ್ಕೀಗಳಲ್ಲಿ ಆಗಾಗ ಕಾಣುವ ತಪ್ಪೆಂದರೆ, ತುದಿ ಹಿಮಕ್ಕೆ ಸಿಕ್ಕಿಕೊಳ್ಳದಿರಲೆಂದು ಎಡ್ಜ್ ಮೊಂಡು ಮಾಡುವಾಗ ನೆಲ ಮುಟ್ಟುವ ಭಾಗದವರೆಗೂ ಉಜ್ಜಿಬಿಡುವುದು. ಎಡ್ಜ್ ಮೊಂಡು ಮಾಡುವ ರಬ್ಬರಿನಂಥ ಗಮ್ಮಿ ಸ್ಟೋನ್ ಮುಟ್ಟಬೇಕಾದ್ದು ಮೇಲೆದ್ದ ಭಾಗವನ್ನು ಮಾತ್ರ, ಅದೂ ಎರಡು ಮೂರು ಹಗುರ ಎಳೆತ.

ಸರಿಪಡಿಸಲು ಎಡ್ಜ್‌ನ ಕೋನ ಸ್ಕೀಯ ಅಡಿಯಲ್ಲಿ 1 ಡಿಗ್ರಿ, ಪಕ್ಕದಲ್ಲಿ 2 ಡಿಗ್ರಿ ಸಾಕು. ಅಡಿಯ ಕೋನವನ್ನು ಮನೆಯಲ್ಲಿ ಮುಟ್ಟಲು ಹೋಗಬೇಡಿ; ಹೆಚ್ಚು ಅರೆದರೆ ಇಡೀ ಅಡಿಯನ್ನು ಯಂತ್ರದಲ್ಲಿ ಉಜ್ಜಿಸದೆ ಮರಳಿ ಬರುವುದಿಲ್ಲ. ಪಕ್ಕದ ಎಡ್ಜ್ ಮನೆಯಲ್ಲೇ ಮಾಡಬಹುದು. ಮೊದಲು ಡೈಮಂಡ್ ಸ್ಟೋನ್ ಒದ್ದೆ ಮಾಡಿ, ಕಲ್ಲಿಗೆ ಬಡಿದು ಗಡುಸಾದ ಜಾಗಗಳನ್ನು ಉಜ್ಜಿ. ಇಲ್ಲದಿದ್ದರೆ ಅರ ಅಲ್ಲಿ ಜಾರಿ ತಾನೇ ಮೊಂಡಾಗುತ್ತದೆ. ಆಮೇಲೆ 2 ಡಿಗ್ರಿಯ ಗೈಡ್‌ಗೆ ಅರವನ್ನು ಸಿಕ್ಕಿಸಿ, ತುದಿಯಿಂದ ಬಾಲದ ಕಡೆಗೆ ಒಂದರ ಮೇಲೊಂದು ಬರುವಂತೆ ಎಳೆಯಿರಿ, ಭಾರ ಹಾಕಬೇಡಿ. ಕೊನೆಗೆ ಡೈಮಂಡ್ ಸ್ಟೋನಿನಿಂದ ಮತ್ತೊಮ್ಮೆ ಸವರಿ ಲೋಹದ ಮುಳ್ಳು ತೆಗೆಯಿರಿ.

ಮೊಣಕಾಲಿನ ನೋವಿಗೆ ಅಗಲ ಕಾರಣವಾಗಿರಬಹುದು. 108 ಮಿ.ಮೀ. ಸ್ಕೀಯಲ್ಲಿ ಎಡ್ಜ್ ನಿಮ್ಮ ಪಾದದ ಮಧ್ಯರೇಖೆಯಿಂದ 54 ಮಿ.ಮೀ. ದೂರ. ಮೃದು ಹಿಮದಲ್ಲಿ ಸ್ಕೀಯ ಅಡಿಗೂ ಆಸರೆ ಸಿಗುತ್ತದೆ. ಗಟ್ಟಿ ಹಿಮದಲ್ಲಿ ಭಾರವೆಲ್ಲ ಆ ಒಂದು ಗೆರೆಯ ಮೇಲೆ ನಿಲ್ಲುವುದರಿಂದ ಓರೆಯಾಗಿ ಹಿಡಿದಿಡಲು ಮೊಣಕಾಲು ಸತತವಾಗಿ ದುಡಿಯಬೇಕು. ನೋವು ಸ್ಕೀ ಬಿಟ್ಟ ಮೇಲೂ ಉಳಿದರೆ ವೈದ್ಯರಿಗೆ ತೋರಿಸಿ.

ಲೇಕ್ ಟಾಹೋ ಇರುವ ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮ ಯೂಟಾದ ಹಾಗೆ ಹಗುರವಲ್ಲ. ಪೆಸಿಫಿಕ್‌ನಿಂದ ಬರುವ ಮೋಡಗಳು ತೇವದ, ಭಾರದ ಹಿಮ ಸುರಿಸುತ್ತವೆ. ಅಲ್ಲಿನವರು ಅದಕ್ಕೆ ಸಿಮೆಂಟ್ ಎಂದೇ ಹೆಸರಿಟ್ಟಿದ್ದಾರೆ. ಭಾರದ ಹಿಮ ತಾನೇ ಸ್ಕೀಯನ್ನು ಎತ್ತಿ ಹಿಡಿಯುವುದರಿಂದ ಅಲ್ಲಿ ಅಷ್ಟೊಂದು ಅಗಲ ಬೇಕಿಲ್ಲ. ಆದರೆ ಮೆತ್ತನೆಯ ಸ್ಕೀ, ಜನ ಓಡಾಡಿ ಎದ್ದ ಹಿಮದ ಗುಡ್ಡೆಗಳಿಗೆ ಬಡಿದು ಹಿಂದೆ ತಳ್ಳಲ್ಪಡುತ್ತದೆ; ಗಡುಸಾದದ್ದು ಬೇಕು. ಎರಡನೇ ಜೋಡಿ ಕೊಳ್ಳುವುದಾದರೆ 88–95 ಮಿ.ಮೀ., ಮುಂದೆ ಮಾತ್ರ ರಾಕರ್, ಹಿಂದೆ ಚಪ್ಪಟೆ. ಮಾರ್ಚ್, ಏಪ್ರಿಲ್‌ನಲ್ಲಿ ರಾತ್ರಿ ಹೆಪ್ಪುಗಟ್ಟಿದ ಹಿಮ ಬಿಸಿಲಿಗೆ ಮೇಲ್ಪದರ ಸಡಿಲವಾಗುವವರೆಗೆ ಕಾದರೆ ನಿಮ್ಮ 108 ಕೂಡ ಚೆನ್ನಾಗಿಯೇ ಓಡುತ್ತದೆ. ಬೆಚ್ಚಗಿನ ಹಿಮಕ್ಕೆಂದೇ ಇರುವ ವ್ಯಾಕ್ಸ್ ಹಾಕಿ. ಇಲ್ಲವಾದರೆ ಮಧ್ಯಾಹ್ನದ ನೀರಾದ ಹಿಮ ಅಡಿಯನ್ನು ಹಿಡಿದೆಳೆಯುತ್ತದೆ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಹಳೆಯ ಸ್ಕೀ ಅಗ್ಗಕ್ಕೆ ಸಿಗುತ್ತಿದೆ. ಕ್ಯಾಂಬರ್ ಸತ್ತಿದೆಯೋ (ಕಮಾನು ಇಳಿದುಹೋಗಿದೆಯೋ) ಇಲ್ಲವೋ ಎಂದು ನೋಡುವುದು ಹೇಗೆ?
– ಹುಬ್ಬಳ್ಳಿಯವರು, ಈಗ ಮ್ಯೂನಿಕ್

ಉತ್ತರ: ಜೊತೆಗೆ ಎರಡು ದಪ್ಪ ರಬ್ಬರ್ ಬ್ಯಾಂಡ್, ಒಂದು ಕಾಗದದ ಪಟ್ಟಿ, ಬಣ್ಣದ ಟೇಪ್ ಒಯ್ಯಿರಿ. ಬೈಂಡಿಂಗ್‌ನ ಬ್ರೇಕ್‌ಗಳನ್ನು ರಬ್ಬರ್ ಬ್ಯಾಂಡ್‌ನಿಂದ ಮೇಲೆತ್ತಿ ಕಟ್ಟಿ. ಅವು ಅಡ್ಡ ಬಂದರೆ ಅಡಿಗಳು ಸರಿಯಾಗಿ ಕೂಡುವುದಿಲ್ಲ. ಅಡಿ ಒರೆಸಿ, ಎರಡೂ ಸ್ಕೀಗಳನ್ನು ಅಡಿಗೆ ಅಡಿ ಸೇರಿಸಿ, ಹಿಂಡದೆ ಹಿಡಿಯಿರಿ. ಬೆಳಕಿಗೆ ಹಿಡಿದಾಗ ನಡುವೆ ಕಾಣುವ ಸಂದಿಯೇ ಎರಡರ ಕ್ಯಾಂಬರ್ ಒಟ್ಟಾಗಿ. ಕಾಗದದ ಪಟ್ಟಿಯನ್ನು ತುದಿಯಿಂದ ಒಳಕ್ಕೆ ಸರಿಸಿ, ನಿಂತಲ್ಲಿ ಟೇಪ್ ಅಂಟಿಸಿ. ಹಿಂದಿನಿಂದಲೂ ಹಾಗೆಯೇ. ಟೇಪ್‌ನಿಂದ ತುದಿಯವರೆಗಿನ ಉದ್ದವೇ ರಾಕರ್. ಈಗ ನಡುವನ್ನು ಒಂದು ಕೈಯಲ್ಲಿ ಹಿಂಡಿ ಸಂದಿ ಮುಚ್ಚಿ: ತುದಿಗಳು ಇನ್ನಷ್ಟು ಅಗಲಿ, ಸಂಪರ್ಕದ ಜಾಗ ಒಳಗೆ ಸರಿಯುತ್ತದೆ. ನೀವು ಮೇಲೆ ನಿಂತಾಗಿನ ಆಕಾರ ಅದಕ್ಕೆ ಹತ್ತಿರ.

ಸಂದಿ ಇಲ್ಲವೆಂದ ಮಾತ್ರಕ್ಕೆ ಸತ್ತಿದೆ ಎನ್ನಬೇಡಿ. ಎಷ್ಟೋ ಮಾದರಿಗಳಲ್ಲಿ ಹುಟ್ಟಿನಿಂದಲೇ 2 ಮಿ.ಮೀ. ಕ್ಯಾಂಬರ್, ಕೆಲವದರಲ್ಲಿ ಚಪ್ಪಟೆ. ತಯಾರಕರ ಪಟ್ಟಿಯಲ್ಲಿ ಆ ವರ್ಷದ ಆಕಾರ ನೋಡಿ ಹೋಲಿಸಿ. ಅನುಮಾನ ಪಡಬೇಕಾದ್ದು ಎರಡು ಸ್ಕೀಗಳು ಒಂದರಂತೆ ಒಂದಿಲ್ಲದಾಗ. ಪ್ರತಿಯೊಂದರ ಅಡಿಯನ್ನೂ ಬಾಲದಿಂದ ತುದಿಯತ್ತ ಒಂದು ಕಣ್ಣು ಮುಚ್ಚಿ ನೋಡಿ. ಒಳಗಿನ ಲೋಹದ ಹಾಳೆ ಬಾಗಿದ್ದರೆ ಒಂದೆಡೆ ಮಡಿಕೆ ಕಾಣುತ್ತದೆ. ಅದು ನೇರವಾಗುವುದಿಲ್ಲ, ಬಿಟ್ಟುಬಿಡಿ. ಎಡ್ಜ್ ಸವೆದು ದಾರದಷ್ಟಾಗಿದ್ದರೂ ಬೇಡ. ಬೈಂಡಿಂಗ್ ಹಳೆಯದಾಗಿದ್ದರೆ ಹಣ ಕೊಡುವ ಮೊದಲೇ ರಿಪೇರಿ ಅಂಗಡಿಗೆ ಮಾದರಿಯ ಹೆಸರು ಹೇಳಿ ಕೇಳಿ. ತಯಾರಕರು ತಾವು ಹೊಣೆ ಹೊರುವ ಮಾದರಿಗಳ ಪಟ್ಟಿಯಿಂದ ತೆಗೆದ ಬೈಂಡಿಂಗನ್ನು ಅಂಗಡಿಯವರು ಸಾಮಾನ್ಯವಾಗಿ ಹೊಂದಿಸಿಕೊಡುವುದಿಲ್ಲ.

ಪ್ರಶ್ನೆ: ರಾಕರ್ ಇಷ್ಟು ಸುಲಭವಾದರೆ ಪೂರ್ತಿ ರಾಕರ್ ಸ್ಕೀಯನ್ನೇ ಯಾಕೆ ಎಲ್ಲರೂ ಬಳಸುವುದಿಲ್ಲ?
– ಓದುಗರು, ಮೈಸೂರು

ಉತ್ತರ: ಅದನ್ನು ಮಾಡಿ ನೋಡಿದ್ದಾರೆ. ಶೇನ್ ಮೆಕಾಂಕಿ ಎಂಬ ಸ್ಕೀಯರ್, ನೀರಿನ ಮೇಲೆ ಓಡಿಸುವ ವಾಟರ್ ಸ್ಕೀಯ ಆಕಾರವನ್ನು ಆಳವಾದ ಪೌಡರ್‌ಗೆ ತಂದರು. ವೊಲಾಂಟ್ ಕಂಪನಿಯ ಸ್ಪಾಚುಲಾ 2000ದ ದಶಕದ ಆರಂಭದಲ್ಲಿ ಹಾಗೆ ಹುಟ್ಟಿತು. ಪೂರ್ತಿ ರಾಕರ್ ಮಾತ್ರವಲ್ಲ, ಪಕ್ಕದ ರೇಖೆಯೂ ತಿರುವುಮುರುವು: ತುದಿಗಿಂತ ಪಾದದಡಿಯೇ ಹೆಚ್ಚು ಅಗಲ. ಪೌಡರ್‌ನಲ್ಲಿ ಅದು ಸ್ಕೀ ವಿನ್ಯಾಸದ ದಿಕ್ಕನ್ನೇ ಬದಲಿಸಿತು. ಗಟ್ಟಿ ಹಿಮದಲ್ಲಿ ಮಾತ್ರ ಕಚ್ಚಲು ಉದ್ದನೆಯ ಎಡ್ಜ್ ಇಲ್ಲ. ಪೌಡರ್‌ನಿಂದ ಲಿಫ್ಟ್‌ಗೆ ಮರಳುವ ದಾರಿ ಸಾಮಾನ್ಯವಾಗಿ ಗಟ್ಟಿ ಹಿಮದ್ದೇ ಆದ್ದರಿಂದ ನಡುವೆ ಕ್ಯಾಂಬರ್ ಉಳಿಸಿಕೊಂಡ ಮಿಶ್ರ ಆಕಾರವೇ ನಿಂತಿತು.

ಪ್ರಶ್ನೆ: ಬಾಸ್ಟನ್‌ನಿಂದ ವರ್ಮಾಂಟ್‌ಗೆ ಹೋಗುತ್ತೇವೆ. ಅಲ್ಲಿ ಹೆಚ್ಚಾಗಿ ಐಸ್. ನನಗೂ ಹತ್ತು ವರ್ಷದ ಮಗಳಿಗೂ ಯಾವುದು?
– ಓದುಗರು, ಬಾಸ್ಟನ್

ಉತ್ತರ: ನಿಮಗೆ 72–82 ಮಿ.ಮೀ. ಅಗಲ, ಹೆಚ್ಚುಕಡಿಮೆ ಪೂರ್ತಿ ಕ್ಯಾಂಬರ್, ಮುಂದೆ ಹತ್ತಿಪ್ಪತ್ತು ಸೆಂ.ಮೀ. ಮಾತ್ರ ತುಸು ಎತ್ತಿದ್ದು. ಪಕ್ಕದ ಎಡ್ಜ್ 2 ಡಿಗ್ರಿ. ಚೆನ್ನಾಗಿ ಓಡಿಸುವವರಾದರೆ 3 ಮಾಡಿಸಿ, ಆದರೆ ಅದು ಬೇಗ ಮೊಂಡಾಗುತ್ತದೆ. ಮಗಳಿಗೆ ಗದ್ದದಿಂದ ಮೂಗಿನ ನಡುವಿನ ಎತ್ತರದ, ಮೆತ್ತಗಿನ ಸ್ಕೀ. ನೆಲದ ಮೇಲಿಟ್ಟು ಅವಳನ್ನು ನಿಲ್ಲಿಸಿದಾಗ ಕ್ಯಾಂಬರ್ ಪೂರ್ತಿ ಚಪ್ಪಟೆಯಾಗಬೇಕು. ಆಗದಿದ್ದರೆ ಅವಳ ತೂಕಕ್ಕೆ ಅದು ಗಡುಸು, ಐಸ್ ಮೇಲೆ ಪಾದದಡಿಯ ಎಡ್ಜ್ ಕಚ್ಚುವುದಿಲ್ಲ. ಬೆಳೆಯುವ ಮಗು ಎಂದು ಒಂದು ಅಳತೆ ದೊಡ್ಡದು ಕೊಳ್ಳಬೇಡಿ. ಇಡೀ ಋತುವಿಗೆ ಬಾಡಿಗೆಗೆ ಪಡೆದು ಮುಂದಿನ ವರ್ಷ ಬದಲಿಸಿ.