ಸಿಎಸ್‌ಐ ದೀಕ್ಷಾಸ್ನಾನ ಕ್ಯಾಥೊಲಿಕರಿಗೆ ಸಲ್ಲುತ್ತದೆಯೇ?

ಕ್ರೈಸ್ತ ಎಂದರೆ ಕ್ಯಾಥೊಲಿಕ ಮಾತ್ರ ಎಂದುಕೊಂಡಿದ್ದರಿಂದಲೇ ಈ ಗೊಂದಲ. ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟೆಂಟ್ ಸಭೆಯವರಾದ ನೀವು ಕ್ಯಾಥೊಲಿಕ ಹುಡುಗಿಯನ್ನು ಮದುವೆಯಾಗುವ ಮುನ್ನ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆಯಬೇಕು ಎಂದು ದಾವಣಗೆರೆಯ ನಿಮ್ಮ ಭಾವೀ ಮಾವ ಹೇಳಿದ್ದಾರಲ್ಲ, ಬೇಕಿಲ್ಲ. ನೀರಿನಿಂದ, ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಕ್ಯಾಥೊಲಿಕ ಸಭೆ ಒಪ್ಪುತ್ತದೆ. ಅವರು ‘ಪಿತ, ಸುತ’ ಎನ್ನುತ್ತಾರೆ, ನಾವು ‘ತಂದೆ, ಮಗ’. ಇದಕ್ಕೆ ಆಧಾರವಾದ ಬೈಬಲ್ ವಚನ, ಮತ್ತಾಯ 28:19, ಇಬ್ಬರಿಗೂ ಒಂದೇ.

ಮೊದಲು ನಿಮ್ಮ ಸಭೆಯಿಂದ ದೀಕ್ಷಾಸ್ನಾನದ ಪ್ರಮಾಣಪತ್ರ ಪಡೆಯಿರಿ. ನನ್ನದರಲ್ಲಿ ಅಪ್ಪನ ಹೆಸರೇ ತಪ್ಪಾಗಿತ್ತು, ತಿದ್ದಿಸುವಷ್ಟರಲ್ಲಿ ಎರಡು ಭಾನುವಾರ ಕಳೆದವು. ಆಮೇಲೆ ಹುಡುಗಿಯ ಚರ್ಚಿನ ಫಾದರ್ ಬಳಿ ಮಿಶ್ರ ವಿವಾಹದ (ಕ್ಯಾಥೊಲಿಕರು ಬೇರೆ ಸಭೆಯ ಕ್ರೈಸ್ತರನ್ನು ಮದುವೆಯಾಗುವುದು) ಅನುಮತಿ ಕೇಳಿ. ಕೊಡಬೇಕಾದವರು ದಾವಣಗೆರೆ ಸೇರಿರುವ ಶಿವಮೊಗ್ಗ ಧರ್ಮಪ್ರಾಂತ್ಯದ ಬಿಷಪರು. ಎಷ್ಟು ದಿನ ಹಿಡಿಯುತ್ತದೆಂದು ಖಚಿತವಾಗಿ ಹೇಳಲಾಗದು, ಆದ್ದರಿಂದ ಛತ್ರಕ್ಕೆ ಮುಂಗಡ ಕೊಡುವ ಮುನ್ನವೇ ಅರ್ಜಿ ಹಾಕಿ.