ಅರ್ಧ ದಿನದ ಗ್ರೈಂಡಿಂಗ್ ವೀಲ್ ಟ್ರೇನಿಂಗ್‌ಗೆ ಹೋಗಬೇಕಾ, ಸುಮ್ನೆ ಸರ್ಟಿಫಿಕೇಟ್‌ಗಾ?

ಐಟಿಐ ಫಿಟ್ಟರ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಿ, ಗ್ರೈಂಡರ್ ಕಲ್ಲು (ಅದೇ ಗ್ರೈಂಡಿಂಗ್ ವೀಲ್) ಬದಲಿಸೋ ಕೆಲಸ ನಿಮ್ಮ ತಲೆಗೆ ಬಂದಿದೆ, ಕಂಪನಿಯವರು ಅರ್ಧ ದಿನದ ಟ್ರೇನಿಂಗ್ ಇಟ್ಟಿದ್ದಾರೆ, ಹೋದರೆ ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಿ. ಹೋಗಿ. ಆದರೆ ಒಂದು ವಿಷಯ ನೋಡಿಕೊಳ್ಳಿ: ನಿಮ್ಮ ಕೈಯಿಂದಲೇ ಕಲ್ಲು ಬಿಚ್ಚಿಸಿ ಹಾಕಿಸುತ್ತಾರಾ? ಬರೀ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಂಡರೆ ಅದು ಫೈಲ್ ತುಂಬಿಸೋ ಟ್ರೇನಿಂಗ್. ಕಲ್ಲು ಒಡೆಯೋದು ಸ್ವಿಚ್ ಹಾಕಿದ ಮೇಲಾದರೂ, ಒಡೆಯೋ ಕಾರಣ ಹೆಚ್ಚಾಗಿ ಅದಕ್ಕೆ ಮೊದಲೇ ಆಗಿಹೋಗಿರುತ್ತದೆ.

ನನ್ನದೇ ಕಥೆ ಹೇಳ್ತೀನಿ. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಫೆಟ್ಲಿಂಗ್ ವಿಭಾಗದಲ್ಲಿದ್ದೆ, ಅಂದರೆ ಎರಕದ ಪೀಸ್‌ಗಳ ಹೆಚ್ಚುವರಿ ಲೋಹ ತಿಕ್ಕಿ ತೆಗೆಯೋ ಕಡೆ. ಸ್ಟೋರ್‌ನಿಂದ ಹೊಸ ಕಲ್ಲು ತಂದೆ. ಬೆರಳಲ್ಲಿ ನೇತುಹಾಕಿ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದೆ. ಠಣ್ ಅನ್ನಬೇಕಿತ್ತು, ಒಡೆದ ಮಡಕೆ ತರ ಡಬ್ ಅಂತು. ಸೀನಿಯರ್ "ಹೊಸಾ ಕಲ್ಲು ಕಣೋ, ಹಾಕು" ಅಂದರು. ಹಾಕಿದೆವು. ನಾನು ಸ್ವಿಚ್ ಹತ್ತಿರ ಪಕ್ಕದಲ್ಲಿದ್ದೆ, ಎದುರಿಗೆ ನಿಲ್ಲಬೇಕಿದ್ದವನು ಚಹಾ ತರಲು ಹೋಗಿದ್ದ, ಅದೇ ಪುಣ್ಯ. ಹತ್ತು ಸೆಕೆಂಡ್ ಆಗಿರಬೇಕು, ಒಂದು ತುಂಡು ಹೋಗಿ ಮೇಲಿನ ಶೀಟನ್ನೇ ಸೀಳಿತು. ಆಮೇಲೆ ತುಂಡು ಎತ್ತಿ ನೋಡಿದರೆ ಒಡೆದ ಮುಖದಲ್ಲಿ ಮುಕ್ಕಾಲು ಭಾಗ ಹೊಸದಾಗಿ ಹೊಳೀತಿತ್ತು, ಉಳಿದ ಕಾಲು ಭಾಗದಲ್ಲಿ ಧೂಳು ಕೂತಿತ್ತು. ಅಂದರೆ ಬಿರುಕು ಹಳೇದು. ಎಲ್ಲೋ ಕೆಳಗೆ ಬಿದ್ದಿದ್ದ ಕಲ್ಲು.

ಅದಕ್ಕೇ ಈ ಬಡಿದು ಕೇಳೋದನ್ನ ಸರಿಯಾಗಿ ಕಲಿಯಿರಿ. ಕಲ್ಲು ಒಣಗಿರಬೇಕು, ಪುಡಿ ಅಂಟಿರಬಾರದು. ನಡುವಿನ ನೇರ ಗೆರೆಯಿಂದ ಎರಡೂ ಕಡೆ 45 ಡಿಗ್ರಿಯಲ್ಲಿ, ಅಂಚಿನಿಂದ ಒಂದೆರಡು ಇಂಚು ಒಳಗೆ, ಮರದ್ದೋ ಪ್ಲಾಸ್ಟಿಕ್‌ದೋ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಸ್ವಲ್ಪ ತಿರುಗಿಸಿ ಮತ್ತೆ ಬಡಿಯಿರಿ. ಇದು ಗುರುತಿನಲ್ಲಿ V ಇರೋ ವಿಟ್ರಿಫೈಡ್ (ಪಿಂಗಾಣಿ ತರ ಸುಟ್ಟು ಗಟ್ಟಿ ಮಾಡಿದ) ಕಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಕೈಯಲ್ಲಿ ಹಿಡಿಯೋ ಆಂಗಲ್ ಗ್ರೈಂಡರ್‌ನ ರೆಸಿನ್ ಡಿಸ್ಕ್‌ಗಳು ಹಾಗೆ ಠಣ್ ಅನ್ನೋದಿಲ್ಲ. ಅವುಗಳಲ್ಲಿ ಅಂಚು, ತೂತು ನೋಡಿ, ನಡುವಿನ ಲೋಹದ ರಿಂಗ್ ಮೇಲೆ ಅವಧಿ ಮುಗಿಯೋ ತಿಂಗಳು, ವರ್ಷ ಅಚ್ಚಾಗಿದ್ದರೆ ಅದನ್ನೂ ಓದಿ.

ಆಮೇಲೆ ಸ್ಪೀಡ್. 4 ಇಂಚಿನ ಆಂಗಲ್ ಗ್ರೈಂಡರ್ ಮಷಿನ್ ಸಾಮಾನ್ಯವಾಗಿ ನಿಮಿಷಕ್ಕೆ 11,000 ಸುತ್ತು ಹಾಕುತ್ತದೆ, ಅಂದರೆ ಡಿಸ್ಕ್ ಅಂಚು ಗಂಟೆಗೆ 200 ಕಿಲೋಮೀಟರ್ ದಾಟಿರುತ್ತದೆ. 7 ಇಂಚಿನ ಡಿಸ್ಕ್ ಮೇಲೆ ಗರಿಷ್ಠ 8,500 ಸುತ್ತು ಅಂತ ಇರುತ್ತದೆ. ಸವೆದು ಚಿಕ್ಕದಾದ ಆ ಡಿಸ್ಕನ್ನ "ಯಾಕೆ ವೇಸ್ಟ್" ಅಂತ 4 ಇಂಚಿನ ಮಷಿನ್‌ಗೆ ಹಾಕೋರನ್ನ ನೀವೂ ನೋಡ್ತೀರಿ. ಅದರ ತೂತು 22 ಮಿ.ಮೀ., ಇದರದ್ದು 16. ನಡು ಕೂರೋದೇ ಇಲ್ಲ, ಗಾರ್ಡ್ ಕೂಡ ಬಿಚ್ಚಿಟ್ಟಿರುತ್ತಾರೆ! ಕಲ್ಲಿನ ಸುರಕ್ಷಿತ ವೇಗ ಎಷ್ಟು, ಸ್ಪಿಂಡಲ್ (ಕಲ್ಲು ಕೂರೋ ತಿರುಗುವ ಕಂಬಿ) ವೇಗ ಎಷ್ಟು ಅಂತ ಮಷಿನ್ ಹತ್ತಿರ ಬರೆದು ಹಾಕಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 30ನೇ ಸೆಕ್ಷನ್ನಲ್ಲೇ ಇತ್ತು. ನಾನು ಕೆಲಸ ಮಾಡಿದ ಕಡೆ ಆ ಬೋರ್ಡ್ ಮೇಲೆ ದೇವರ ಕ್ಯಾಲೆಂಡರ್ ನೇತಾಡುತ್ತಿತ್ತು.

ಕೂರಿಸುವಾಗ ಕಲ್ಲು ಸ್ಪಿಂಡಲ್ ಮೇಲೆ ಸಲೀಸಾಗಿ ಜಾರಬೇಕು, ಬಡಿದು ಕೂರಿಸಬಾರದು. ಎರಡೂ ಫ್ಲೇಂಜ್ (ಕಲ್ಲನ್ನ ಎರಡೂ ಕಡೆಯಿಂದ ಹಿಡಿಯೋ ಲೋಹದ ಬಿಲ್ಲೆ) ಒಂದೇ ಅಳತೆ, ಕಲ್ಲಿನ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬಾರದು. ನಡುವಿನ ಕಾಗದದ ವಾಷರ್ ಅಲಂಕಾರಕ್ಕಲ್ಲ, ಅದನ್ನ ಕಿತ್ತು ಬಿಸಾಡಬೇಡಿ. ನಟ್ ಹಿಡಿಯುವಷ್ಟು ಬಿಗಿ ಸಾಕು, ಪೈಪ್ ಹಾಕಿ ಎಳೆಯೋದು ಬೇಡ. ಎರಡು ಕಲ್ಲಿನ ಗ್ರೈಂಡರ್‌ನಲ್ಲಿ ಎಡಗಡೆ ಕಲ್ಲಿನ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಮೊದಲ ದಿನ ಎಲ್ಲರೂ ಅದನ್ನ ತಪ್ಪಾಗಿ ತಿರುಗಿಸುತ್ತಾರೆ. ಗಾರ್ಡ್ ಹಾಕಿ, ಕೈಯಿಂದ ಒಂದು ಸುತ್ತು ತಿರುಗಿಸಿ, ಪಕ್ಕಕ್ಕೆ ನಿಂತು ಸ್ವಿಚ್ ಹಾಕಿ, ಒಂದು ನಿಮಿಷ ಖಾಲಿ ಓಡಲಿ.

ಇನ್ನು ದಿನದ ನಿಗಾ. ಟೂಲ್ ರೆಸ್ಟ್ (ತಿಕ್ಕುವಾಗ ಪೀಸ್ ಒರಗಿಸೋ ಪಟ್ಟಿ) ಮತ್ತು ಕಲ್ಲಿನ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಬಿಡಬೇಡಿ. ಕಲ್ಲು ಸವೆದಂತೆ ಸಂದು ಬೆಳೆಯುತ್ತದೆ, ಒಂದಿನ ಸಣ್ಣ ಪೀಸ್ ಅದರೊಳಗೆ ಸಿಕ್ಕಿ ಬೆರಳನ್ನೂ ಎಳೆದುಕೊಳ್ಳುತ್ತದೆ. ಸರಿ ಮಾಡೋದು ಮಷಿನ್ ಪೂರ್ತಿ ನಿಂತ ಮೇಲೆ ಮಾತ್ರ. ಸಡಿಲವಾದ ಬಟ್ಟೆಯ ಗ್ಲೌಸ್ ಬೇಡ. ಅಲ್ಯೂಮಿನಿಯಂ ತಿಕ್ಕಿದರೆ ಕಲ್ಲಿನ ಕಣ್ಣು ಮುಚ್ಚಿಹೋಗುತ್ತದೆ, ಆಮೇಲೆ ಹುಡುಗರು ಜೋರಾಗಿ ಒತ್ತುತ್ತಾರೆ, ಕಲ್ಲು ಬಿಸಿಯಾಗುತ್ತದೆ. ಡ್ರೆಸ್ಸರ್ (ಕಲ್ಲಿನ ಮುಖ ಕೆರೆಯೋ ಸಾಧನ) ಹಿಡಿದು ಬಿಡಿಸಬೇಕೇ ಹೊರತು ಒತ್ತೋದಲ್ಲ. ಕೂಲಂಟ್ (ತಂಪು ಮಾಡೋ ನೀರು) ಇರೋ ಮಷಿನ್‌ನಲ್ಲಿ ಮೊದಲು ಕೂಲಂಟ್ ನಿಲ್ಲಿಸಿ, ಕಲ್ಲು ಸ್ವಲ್ಪ ಹೊತ್ತು ತಿರುಗಿ ನೀರು ಚೆಲ್ಲಿಕೊಳ್ಳಲಿ, ಇಲ್ಲಾಂದ್ರೆ ರಾತ್ರಿಯೆಲ್ಲ ನೀರು ಕೆಳಗಿಳಿದು ಬೆಳಿಗ್ಗೆ ಒಂದೇ ಕಡೆ ಭಾರ.

ಇನ್ನೊಂದು, ಇದನ್ನ ಟ್ರೇನಿಂಗ್‌ನಲ್ಲಿ ಹೇಳದೇ ಇರಬಹುದು. ಡಬ್ ಅಂದ ಕಲ್ಲನ್ನ ಮೂಲೆಯಲ್ಲಿ ಒರಗಿಸಿಡಬೇಡಿ. ಕನ್ನಡಕ ಹಾಕಿಕೊಂಡು, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದೇ ಬಿಸಾಡಿ. ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲಿ ಯಾರೋ ಅದನ್ನ ಎತ್ತಿ ಹಾಕಿರುತ್ತಾರೆ.