ತುಂಬಾ ಸುಸ್ತಿರೋ ದಿನ ವ್ಯಾಯಾಮ ಮಾಡ್ಬೇಕಾ, ಬಿಡ್ಬೇಕಾ?

ಪೂರ್ತಿ ಬಿಡ್ಬೇಡಿ, ಹಾಗಂತ ದಿನಾ ಮಾಡೋ ಅಷ್ಟನ್ನೂ ಎಳ್ಕೊಂಡು ಮಾಡೋದೂ ಬೇಡ. ನಿದ್ದೆ ಕಮ್ಮಿಯಾಗಿ, ಟೆನ್ಶನ್ನಿಂದ, ಇಲ್ಲಾ ಬೆಳಗ್ಗೆಯಿಂದ ಒಂದೇ ಕಡೆ ಕೂತು ಬರೋ ಸುಸ್ತಿಗೆ ಸ್ವಲ್ಪ ಓಡಾಡಿದ್ರೆ ನಿಜವಾಗ್ಲೂ ಹಗುರ ಅನ್ಸುತ್ತೆ, ರಕ್ತಸಂಚಾರ ಜಾಸ್ತಿ ಆಗುತ್ತೆ, ಮಂಪರು ಇಳಿಯುತ್ತೆ.

5 ನಿಮಿಷ ನಿಧಾನಕ್ಕೆ ನಡೀರಿ, ಆಮೇಲೆ ಮುಂದುವರಿಸ್ಬೇಕಾ ನಿಲ್ಲಿಸ್ಬೇಕಾ ಅಂತ ದೇಹಾನೇ ಹೇಳುತ್ತೆ, ನಿಲ್ಲಿಸಿದ್ರೂ ಅದು ಲೆಕ್ಕಕ್ಕೆ ಬರುತ್ತೆ. ಮೊದಲೆಲ್ಲ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡ್ಬೇಕು ಅಂತಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಆ ಷರತ್ತನ್ನೇ ತೆಗೆದುಹಾಕ್ತು. ನಡೆಯೋಕೂ ಆಗಲ್ವಾ, ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೇರ ಚಾಚಿ ಇಳಿಸಿ, ಭುಜ ತಿರುಗಿಸಿ, ಗೋಡೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ. ಮಾಡ್ತಾ ಮಾಡ್ತಾ ಆರಾಮಾಗಿ ಮಾತಾಡೋಕೆ ಆಗ್ತಿರ್ಬೇಕು, ಏದುಸಿರು ಬಂದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತರ್ಥ. ಮಲಗೋಕೆ ಮುಂಚೆ ಸ್ಟ್ರೆಚಿಂಗ್ ಮಾಡಿದ್ರೂ ಒಳ್ಳೇದೇ.

ಆದ್ರೆ ಜ್ವರ, ಎದೆನೋವು, ತಲೆಸುತ್ತು ಇದ್ರೆ ದಯವಿಟ್ಟು ವ್ಯಾಯಾಮ ಬೇಡ, ಎದೆನೋವಿಗಂತೂ ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನು ಕೆಲವ್ರಿಗೆ ಸ್ವಲ್ಪ ಶ್ರಮ ಪಟ್ರೂ ಮಾರನೇ ದಿನ ಸುಸ್ತು ಇನ್ನೂ ಜಾಸ್ತಿಯಾಗುತ್ತೆ, ಅಂಥವ್ರು ಬಲವಂತವಾಗಿ ಮಾಡಿದ್ರೆ ತೊಂದ್ರೆ ಹೆಚ್ಚೇ ಆಗೋದು. ವಾರಗಟ್ಟಲೆ ಸುಸ್ತು ಹೋಗ್ತಾನೇ ಇಲ್ಲ ಅಂದ್ರೆ ಡಾಕ್ಟರ್ ಹತ್ರ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಚೆಕ್ ಮಾಡಿಸ್ಕೊಳ್ಳಿ.